ಮಾದೇವಿ ಎಣಿಸಿದ ಅವರೆಕಾಳು

ಮನಶ್ಶಾಸ್ತ್ರ ಓದಿ ಶಾಲೆಯ ಮಕ್ಕಳ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, ನೀವು ಯಾವ ಯಾವ ಹುದ್ದೆಯಲ್ಲಿದ್ದಿರಿ ಎಂದು ಕೇಳುತ್ತಾರೆ. ಅದೆಲ್ಲ ಪೆನ್ಷನ್ ಕಾಗದದಲ್ಲಿದೆ, ಓದಿದರೆ ನನಗೇ ಆಕಳಿಕೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಅದಕ್ಕೆ ಮುಂಚಿನ ಮಾತು, ನಾನಿನ್ನೂ ಕಲಿಯುತ್ತಿದ್ದ ಕಾಲದ್ದು. ಕಲಿಯುತ್ತಿದ್ದೆ ಎನ್ನುವುದು ಈಗಿನ ವಿನಯ. ಆಗ ನನಗೆ ಎಲ್ಲ ಗೊತ್ತಿತ್ತು.

ಮಹಾರಾಜರ ಆಳ್ವಿಕೆಯ ಮೈಸೂರು. ಎಂ.ಎ. ತರಗತಿಯಲ್ಲಿ ನಾವು ನಾಲ್ವರು, ಹೆಂಗಸು ನಾನೊಬ್ಬಳೇ. ನಾವು ಕಲಿಯುತ್ತಿದ್ದ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಹೆಸರೇ ಇಟ್ಟಿರಲಿಲ್ಲ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಮ್ಮ ತಂದೆ, "ಏನೋ ತಲೆಗೆ ಸಂಬಂಧಪಟ್ಟದ್ದು" ಎನ್ನುತ್ತಿದ್ದರು. ಕೇಳಿದವರು ಪಾಪ ಎಂದು ಹೋಗುತ್ತಿದ್ದರು.

ನಮ್ಮ ಪ್ರೊಫೆಸರರು ಇಂಗ್ಲೆಂಡಿಗೆ ಹೋಗಿ ಬಂದವರು. ಮುಚ್ಚುಕೋಟು, ಸರಿಗೆ ಪೇಟ, ಜೇಬಿನಲ್ಲಿ ಸರಪಳಿ ಗಡಿಯಾರ. ಮಕ್ಕಳ ಬುದ್ಧಿಯನ್ನು ಅಳೆಯುವ ಒಂದು ಪರಂಗಿ ಪರೀಕ್ಷೆಯನ್ನು ತಾವೇ ಕನ್ನಡಕ್ಕೆ ತಿರುಗಿಸಿದ್ದರು. ಪುಸ್ತಕದಲ್ಲಿ ಬರೆದಷ್ಟೇ ಕೇಳಬೇಕು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಸ್ತಕದಲ್ಲಿರುವ ಉತ್ತರ ಬಂದರೆ ಗುರುತು, ಬರದಿದ್ದರೆ ಸೊನ್ನೆ. ಮಗುವಿಗೆ ಸಹಾಯ ಮಾಡಕೂಡದು, ಎರಡನೆಯ ಸಲ ಕೇಳಕೂಡದು. ಪರೀಕ್ಷಕ ತನ್ನ ಬುದ್ಧಿ ಓಡಿಸತೊಡಗಿದ ದಿನ ಶಾಸ್ತ್ರ ಸತ್ತಂತೆ ಎಂದು ಅವರು ಹೇಳಿದ್ದನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳ ಶಾಲೆಗಳಲ್ಲಿ ಅರುವತ್ತು ಮಕ್ಕಳನ್ನು ಪರೀಕ್ಷಿಸಿ ತರಬೇಕು, ಆಮೇಲೆ ಡಿಗ್ರಿ ಎಂದು ಹೇಳಿ ನನ್ನ ಕೈಗೆ ಒಂದು ಮರದ ಪೆಟ್ಟಿಗೆ ಕೊಟ್ಟರು. ಅದರಲ್ಲಿ ಚಿತ್ರಗಳು, ಮರದ ಬಿಲ್ಲೆಗಳು, ಹದಿಮೂರು ಕೋಟಿನ ಗುಂಡಿಗಳು, ಒಂದು ಗಡಿಯಾರ ಮತ್ತು ಆ ಪುಸ್ತಕ.

ಮದುವೆಯಾಗದ ಹುಡುಗಿ ಪೆಟ್ಟಿಗೆ ಹಿಡಿದು ಊರೂರು ಅಲೆಯುವುದೆಂದರೆ ಸುಮ್ಮನೆ ಆಯಿತೆ? ನಮ್ಮ ತಂದೆ ತಮ್ಮ ವಿಧವೆ ಅಕ್ಕ ಸೀತತ್ತೆಯನ್ನು ನನಗೆ ಕಾವಲು ಹಾಕಿದರು. ಸೀತತ್ತೆ ಹೊರಗಿನದು ಏನನ್ನೂ ಮುಟ್ಟುವವರಲ್ಲ. ಆದ್ದರಿಂದ ನಮ್ಮ ಜೊತೆಗೆ ಒಂದು ಇದ್ದಿಲ ಒಲೆ, ಎರಡು ಪಾತ್ರೆ, ಅಕ್ಕಿ ಬೇಳೆಯ ಗಂಟು ಹೊರಟವು. ಒಲೆಯ ಭಾರ ಹೇಗಾದರೂ ಹೊರಬಹುದಿತ್ತು. ಸೀತತ್ತೆಗೆ ಬಾಯಿ ಮುಚ್ಚಿಕೊಂಡು ಕೂರುವುದು ಆಗುತ್ತಿರಲಿಲ್ಲ. ನಾನು ಮಗುವನ್ನು ಪ್ರಶ್ನೆ ಕೇಳಿದರೆ ಮೂಲೆಯಿಂದ ಉತ್ತರ ಬರುತ್ತಿತ್ತು. ಮೊದಲ ದಿನದ ಹಾಳೆಗಳಲ್ಲಿ ಮೂರನ್ನು ಇದೇ ಕಾರಣಕ್ಕೆ ಹರಿದು ಹಾಕಬೇಕಾಯಿತು.

ಆ ಮೊದಲ ದಿನ ತಾಂಡವಪುರದಲ್ಲಿ. ಶಾಲೆಯ ಬಾಗಿಲಿಗೆ ನಾವು ಕಾಲಿಡುವುದೇ ತಡ, ಅರ್ಧ ಶಾಲೆ ಕಿಟಕಿಯಿಂದ ಆಚೆ ಹಾರಿ ಹೋಯಿತು. ಗುರುತಿಲ್ಲದ ಹೆಂಗಸು, ಕೈಯಲ್ಲಿ ಪೆಟ್ಟಿಗೆ ಎಂದರೆ ಸಿಡುಬಿಗೆ ದಾಕು ಹಾಕುವವರೇ ಎಂದು ಮಕ್ಕಳಿಗೆ ಖಾತ್ರಿ. ಒಬ್ಬ ತಾಯಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವಳು ಒಳಗೆ ನುಗ್ಗಿ, ಮಗನ ತೋಳಿನ ಕಲೆ ತೋರಿಸಿ, ಇವನಿಗೆ ಆಗಲೇ ಆಗಿದೆ ಎಂದು ಎಳೆದುಕೊಂಡು ಹೋದಳು. ಓಡಲಾರದೆ ಉಳಿದ ಒಬ್ಬ ಹುಡುಗ ಅಂಗಿಯ ತೋಳು ಮೇಲಕ್ಕೆ ಸರಿಸಿ, ಕಣ್ಣು ಮುಚ್ಚಿ ನನ್ನ ಮುಂದೆ ಕುಳಿತ. ಏನು ಹೇಳಿದರೂ ಕಣ್ಣು ತೆರೆಯಲಿಲ್ಲ. ಹಾಗೆಯೇ ಕಣ್ಣು ಮುಚ್ಚಿಕೊಂಡು ನನ್ನ ಬಾಯಿಮಾತಿನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ. ಆ ಊರಿನಲ್ಲಿ ಅವನಷ್ಟು ಅಂಕ ಇನ್ನೊಬ್ಬರಿಗೆ ಬರಲಿಲ್ಲ.

ನಂಜನಗೂಡಿನಲ್ಲಿ ಯಾರೂ ಓಡಲಿಲ್ಲ. ಅಲ್ಲಿ ನನ್ನನ್ನು ಸೋಲಿಸಿದ್ದು ಚಿತ್ರ. ಪುಸ್ತಕದಲ್ಲಿ ಒಬ್ಬ ಪರಂಗಿ ಹೆಂಗಸಿನ ಮುಖವಿತ್ತು, ಅದಕ್ಕೆ ಒಂದು ಕಿವಿ ಬರೆದಿರಲಿಲ್ಲ. ಈ ಚಿತ್ರದಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಬೇಕು, ಮಗು ಕಿವಿ ಎನ್ನಬೇಕು. ಹೆಣ್ಣುಮಕ್ಕಳು ಸಾಲಾಗಿ ಬಂದು ಕುಂಕುಮ ಎಂದರು. ಸಾಲಾಗಿ ಸೊನ್ನೆ ಹಾಕಿದೆ. ಕೊನೆಗೆ ಬಂದ ಹುಡುಗಿ ಚಿತ್ರ ನೋಡಿದಳು, ಬಾಯಿ ತೆರೆದಳು, ಆಮೇಲೆ ಮೂಲೆಯಲ್ಲಿ ಕೂತಿದ್ದ ಸೀತತ್ತೆಯ ಬೋಳು ಹಣೆ ನೋಡಿದಳು. ಏನೂ ಕಡಿಮೆ ಇಲ್ಲ ಎಂದಳು. ನಾನು ಅವಳಿಗೂ ಸೊನ್ನೆ ಹಾಕಿದೆ. ಸೀತತ್ತೆ ತಮ್ಮ ಗಂಟು ಬಿಚ್ಚಿ, ಊಟಕ್ಕೆಂದು ಇಟ್ಟುಕೊಂಡಿದ್ದ ಎರಡು ರಸಬಾಳೆ ಹಣ್ಣನ್ನೂ ಆ ಹುಡುಗಿಯ ಕೈಗೆ ಕೊಟ್ಟುಬಿಟ್ಟರು.

ಇನ್ನೊಂದು ಪ್ರಶ್ನೆ, ನೀನು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ರೈಲು ಹೊರಟಿದ್ದರೆ ಏನು ಮಾಡುತ್ತೀಯೆ? ಮುಂದಿನ ರೈಲಿಗೆ ಕಾಯುತ್ತೇನೆ ಎನ್ನಬೇಕು. ನಂಜನಗೂಡಿನ ಹನ್ನೆರಡು ಮಕ್ಕಳು ಒಂದೇ ಬಾಯಿಂದ, ಕೂಗಿದರೆ ನಿಲ್ಲುತ್ತೆ ಎಂದರು. ಹನ್ನೆರಡು ಸೊನ್ನೆ. ಅದೇ ಸಾಯಂಕಾಲ ಸೀತತ್ತೆಯ ಒಲೆ ಆರುವುದು ತಡವಾಗಿ ನಾವು ಸ್ಟೇಷನ್ ಮುಟ್ಟುವಾಗ ಗಾಡಿ ಪ್ಲಾಟ್‌ಫಾರಂ ಬಿಟ್ಟಿತ್ತು. ಸೀತತ್ತೆ ಒಲೆಯನ್ನು ಎತ್ತಿ ಹಿಡಿದು ಒಂದು ಕೂಗು ಹಾಕಿದರು. ಗಾಡಿ ನಿಂತಿತು. ಗಾರ್ಡು ಇಳಿದು ಬಂದು ನಮ್ಮ ಪಾತ್ರೆಗಳನ್ನು ತಾನೇ ಹತ್ತಿಸಿದ. ಮೈಸೂರು ಬರುವವರೆಗೂ ಆ ಹನ್ನೆರಡು ಹಾಳೆಗಳು ನನ್ನ ತೊಡೆಯ ಮೇಲಿದ್ದವು. ಒಂದನ್ನೂ ತಿದ್ದಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಕಾಯುತ್ತೇನೆ ಎಂದೇ ಅಲ್ಲವೆ?

ಇಷ್ಟೆಲ್ಲ ಹೇಳಿದ್ದು, ನರಸೀಪುರಕ್ಕೆ ಹೋಗುವಾಗ ನಾನು ಎಂಥ ಹೆಡ್ಡಿಯಾಗಿದ್ದೆ ಎಂಬುದು ನಿಮಗೆ ತಿಳಿಯಲಿ ಎಂದು.

ನರಸೀಪುರದ ಆ ಶಾಲೆಯ ಹೆಡ್‌ಮೇಷ್ಟ್ರು ಶಾಮಣ್ಣನವರು ಒಳ್ಳೆಯವರು. ಆದರೆ ಕಾಗದದ ಭಕ್ತರು. ಬರೆದದ್ದು ಮಾತ್ರ ನಿಜ, ಅದಕ್ಕೆ ಮೊಹರು ಬಿದ್ದರೆ ವೇದ. ಅವರು ಮೊದಲ ದಿನವೇ ಒಂದು ಹುಡುಗಿಯ ವಿಷಯ ಹೇಳಿದರು. ಹೆಸರು ಮಾದೇವಿ, ವಯಸ್ಸು ಹತ್ತು, ತಾಯಿಯಿಲ್ಲ. ಅಜ್ಜಿ ಕೆಂಪಮ್ಮ ಸಂತೆಯಲ್ಲಿ ಕಾಳು ಅಳೆದು ಮಾರಿ ಸಾಕುತ್ತಿದ್ದಾಳೆ. ಹುಡುಗಿ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ, ಬುದ್ಧಿ ಇದೆಯೋ ಇಲ್ಲವೋ ಎಂದು ಮೇಷ್ಟರಿಗೇ ಅನುಮಾನ. ಕೆಂಪಮ್ಮನ ಮಗ, ಅಂದರೆ ಹುಡುಗಿಯ ಸೋದರಮಾವ, ಹೆಂಡತಿ ಸತ್ತವನು, ಮಾದೇವಿಯನ್ನು ಮಾಡಿಕೊಳ್ಳುತ್ತೇನೆ ಎಂದು ಕೂತಿದ್ದಾನೆ. ಓದು ತಲೆಗೆ ಹತ್ತುವುದಾದರೆ ಓದಲಿ, ಹತ್ತುವುದಿಲ್ಲ ಎಂದರೆ ಈ ವರ್ಷವೇ ಧಾರೆ ಎರೆದು ಮುಗಿಸುತ್ತೇನೆ ಎಂದು ಅಜ್ಜಿ ಹೇಳಿದ್ದಳಂತೆ. ಮೈಸೂರಿನಿಂದ ದೊಡ್ಡ ಪರೀಕ್ಷೆಯವರು ಬರುತ್ತಾರೆ, ಅವರು ಬರೆದುಕೊಟ್ಟಂತೆ ಮಾಡೋಣ ಎಂದು ಶಾಮಣ್ಣನವರು ಅವಳನ್ನು ತಡೆದು ಇಟ್ಟಿದ್ದರು. ದೊಡ್ಡ ಪರೀಕ್ಷೆಯವರು ಎಂದರೆ ನಾನು. ಇಪ್ಪತ್ತೆರಡು ವರ್ಷದವಳು, ಸೆರಗು ಸರಿಯಾಗಿ ನಿಲ್ಲದವಳು.

ಮಾದೇವಿ ಬಂದು ನೆಟ್ಟಗೆ ಕುಳಿತಳು. ಎಣಿಸುವ ಪರೀಕ್ಷೆಗೆ ಕೋಟಿನ ಗುಂಡಿಗಳು ಬೇಕು, ಅವುಗಳಲ್ಲಿ ಎರಡು ತಾಂಡವಪುರದಲ್ಲೇ ಕಳೆದುಹೋಗಿದ್ದವು. ಸೀತತ್ತೆ ತಮ್ಮ ಗಂಟಿನಿಂದ ಹದಿಮೂರು ಒಣ ಅವರೆಕಾಳು ಆರಿಸಿ ಕೊಟ್ಟರು. ಗುಂಡಿಯ ಬದಲು ಕಾಳು ಇಟ್ಟರೆ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಮೇಜಿನ ಮೇಲೆ ಸಾಲಾಗಿ ಇಟ್ಟು, ಇವುಗಳನ್ನು ಬೆರಳಿಂದ ಮುಟ್ಟುತ್ತ ಗಟ್ಟಿಯಾಗಿ ಎಣಿಸು ಎಂದೆ.

ಹುಡುಗಿ ಮೊದಲ ಕಾಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಕೆಳಗಿಟ್ಟಳು. "ಲಾಭ" ಎಂದಳು. ಆಮೇಲೆ ಎರಡು, ಮೂರು, ನಾಲ್ಕು ಎಂದು ಹದಿಮೂರರವರೆಗೆ ತಡೆಯಿಲ್ಲದೆ ಹೋಗಿ ನನ್ನ ಮುಖ ನೋಡಿದಳು. ಶಾಲೆಯಲ್ಲಿ ಬಾಯಿಬಿಡದ ಹುಡುಗಿ ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲಂತೆ. ಸೀತತ್ತೆ ಮೂಲೆಯಿಂದ ಭೇಷ್ ಎಂದರು. ನಾನು ತಿರುಗಿ ಗದರಿದೆ.

ಲಾಭ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದುಕೊಂಡಿರಾ? ಚೆನ್ನಾಗಿ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಕಾಳುಕಡ್ಡಿ ಅಳೆಯುವವರು ಯಾರೂ ಒಂದು ಎಂದು ಶುರು ಮಾಡುವುದಿಲ್ಲ. ಮೊದಲನೆಯದಕ್ಕೆ ಲಾಭ ಎನ್ನುತ್ತಾರೆ, ಆಮೇಲೆ ಎರಡು. ನಮ್ಮ ಮನೆಯ ಹಜಾರದಲ್ಲಿ ಗುತ್ತಿಗೆಯ ಭತ್ತ ಅಳೆಯುವಾಗ ನಾನೇ ಕಂಬಕ್ಕೆ ಒರಗಿ ಕೂತು ಕೇಳಿದ್ದೆ. ಆದರೆ ಪುಸ್ತಕದಲ್ಲಿ, ಒಂದರಿಂದ ಹದಿಮೂರರವರೆಗೆ ತಪ್ಪಿಲ್ಲದೆ ಎಂದು ಇತ್ತು. ಬುದ್ಧಿ ಓಡಿಸಕೂಡದು ಎಂದು ನೋಟ್‌ಬುಕ್ಕಿನಲ್ಲಿ ಇತ್ತು. ಸೊನ್ನೆ ಹಾಕಿದೆ.

ಆ ಪರೀಕ್ಷೆಯ ಏರ್ಪಾಡು ಹೇಗೆಂದರೆ, ಹದಿಮೂರು ಎಣಿಸುವುದು ಆರು ವರ್ಷದವರ ಪ್ರಶ್ನೆ, ಅದರಲ್ಲಿ ಮಗು ತಪ್ಪಿದರೆ ಐದು ವರ್ಷದವರ ಪ್ರಶ್ನೆಗೆ ಇಳಿಯಬೇಕು. ಅಲ್ಲಿಯೂ ತಪ್ಪಿದರೆ ಇನ್ನೂ ಕೆಳಕ್ಕೆ. ಇಳಿದೆ. ಅಲ್ಲಿ ನಾಲ್ಕು ಕಾಳು ಎಣಿಸಬೇಕಿತ್ತು. "ಲಾಭ, ಎರಡು, ಮೂರು, ನಾಲ್ಕು" ಎಂದಳು. ಸೊನ್ನೆ. ಅಷ್ಟು ಹೊತ್ತಿಗೆ ನನ್ನ ಮುಖದಿಂದ ಏನೋ ತಪ್ಪಾಗಿದೆ ಎಂದು ಅವಳಿಗೆ ತಿಳಿದುಹೋಯಿತು. ಆಮೇಲೆ ಕೇಳಿದ ಯಾವುದಕ್ಕೂ ಅವಳು ಬಾಯಿ ತೆರೆಯಲಿಲ್ಲ. ಕೂಡಿ ಕಳೆದು ನೋಡಿದಾಗ ಹತ್ತು ವರ್ಷದ ಹುಡುಗಿಗೆ ನಾಲ್ಕು ವರ್ಷದ ಬುದ್ಧಿ ಎಂದು ಬಂತು. ಈ ಮಗು ಮಂದಬುದ್ಧಿಯದು, ಸಾಮಾನ್ಯ ತರಗತಿಗೆ ಯೋಗ್ಯವಲ್ಲ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದೆ. ಶಾಮಣ್ಣನವರು ಅದರ ಮೇಲೆ ಮಸಿ ಹೀರುವ ಕಾಗದ ಒತ್ತಿ, ಮೊಹರು ಹಾಕಿ, ಶಾಲೆಯ ದಫ್ತರದಲ್ಲಿ ನಮೂದಿಸಿ, ಒಂದು ನಕಲನ್ನು ಇನ್‌ಸ್ಪೆಕ್ಟರಿಗೆ ಕಳಿಸಲು ಎತ್ತಿಟ್ಟರು. ನನಗೆ ನನ್ನ ಸಹಿಯ ಅಂದ ನೋಡಿ ಸಂತೋಷವಾಯಿತು.

ಮೋಟಾರಿಗೆ ಕಾಯುತ್ತ ನಿಂತಾಗ ಸೀತತ್ತೆ ಕೇಳಿದರು, "ಅಲ್ಲ ಕಣೇ, ನಿಮ್ಮಜ್ಜಿ ಮೂವತ್ತು ವರ್ಷ ಗುತ್ತಿಗೆ ಭತ್ತ ಅಳೆಸಿಕೊಂಡರು, ಲಾಭ ಅಂತಲೇ ಎಣಿಸಿ. ಅವರಿಗೆ ಎಷ್ಟು ವರ್ಷದ ಬುದ್ಧಿ ಅಂತ ಬರೀತೀಯೆ?"

ಶಾಸ್ತ್ರ ಬೇರೆ, ಅಜ್ಜಿ ಬೇರೆ ಎಂದೆ. ಸೀತತ್ತೆ ಮತ್ತೆ ಮಾತಾಡಲಿಲ್ಲ. ಮೈಸೂರಿಗೆ ಬಂದರೂ ಮಾತಾಡಲಿಲ್ಲ. ಎಲೆ ಹಾಕಿದರು, ಬಡಿಸಿದರು, ಒಳಗೆ ಹೋದರು. ಬಾಯಿ ಮುಚ್ಚಲಾರದ ಸೀತತ್ತೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರು. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಹುಳಿಯಲ್ಲಿ ಅವರೆಕಾಳು ಬಂತು. ಎಲೆಯ ಮೇಲೆ ಕಾಳುಗಳನ್ನು ನೋಡಿದೆ, ಊಟ ಸೇರಲಿಲ್ಲ. ನನಗೆ ನಾಚಿಕೆಯಾಯಿತು. ಬಾಯಲ್ಲಿ ಒಪ್ಪಿಕೊಳ್ಳಲು ಇನ್ನೂ ಅರ್ಧ ದಿನ ಹಿಡಿಯಿತು. ನಾಲ್ಕನೆಯ ದಿನ ಬೆಳಗಿನ ಮೊದಲ ಮೋಟಾರಿಗೆ ನಾವಿಬ್ಬರೂ ಹೊರಟೆವು.

ಶಾಲೆಯಲ್ಲಿ ಮಾದೇವಿ ಕೂರುತ್ತಿದ್ದ ಜಾಗ ಖಾಲಿಯಿತ್ತು. ಕೆಂಪಮ್ಮನನ್ನು ಕರೆಸಿ ನನ್ನ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ್ದಾಗಿ, ಅವಳು ಹುಡುಗಿಯ ಸ್ಲೇಟು ತೆಗೆದುಕೊಂಡು ಹುಡುಗಿಯನ್ನೂ ಕರೆದುಕೊಂಡು ಹೋದದ್ದಾಗಿ ಶಾಮಣ್ಣನವರು ಹೇಳಿದರು. ಲಗ್ನ ನೋಡಿಸಲು ಆಗಲೇ ಹೇಳಿಕಳಿಸಿದ್ದಳಂತೆ. ಆ ಕಾಗದ ತಪ್ಪು, ವಾಪಸ್ಸು ಕೊಡಿ, ಹರಿದು ಹಾಕುತ್ತೇನೆ ಎಂದೆ. ಅವರು ನಾನೇನೋ ದೇವರ ಮೂರ್ತಿಯನ್ನು ಕೇಳಿದೆನೆಂಬಂತೆ ಬೆಚ್ಚಿದರು. ದಫ್ತರಕ್ಕೆ ಸೇರಿದ ಕಾಗದ ಹೊರಗೆ ಬರುವ ಪದ್ಧತಿಯಿಲ್ಲ, ನಕಲು ಬೇರೆ ಇನ್‌ಸ್ಪೆಕ್ಟರಿಗೆ ಹೋಗಿದೆ ಎಂದರು. ನಾನು ಅಳುವಂತಾದೆ. ಅದನ್ನು ನೋಡಿ ಅವರಿಗೆ ಮರುಕ ಬಂದು, ಕಾಗದಕ್ಕೆ ಕಾಗದವೇ ಮದ್ದು ಎಂದು ಒಂದು ದಾರಿ ಹೇಳಿಕೊಟ್ಟರು.

"ನೋಡಿಮ್ಮ, ಮಗುವಿಗೆ ಬುದ್ಧಿ ಇದೆ ಅಂತ ಸುಮ್ಮನೆ ಬರೆದರೆ, ನಾಲ್ಕು ದಿನದಲ್ಲಿ ಆರು ವರ್ಷದ ಬುದ್ಧಿ ಎಲ್ಲಿಂದ ಬಂತು ಅಂತ ಇನ್‌ಸ್ಪೆಕ್ಟರು ನನ್ನನ್ನು ಕೇಳ್ತಾರೆ. ಪರೀಕ್ಷೆ ಮಾಡಿದವರಿಗೆ ತಿಳಿವಳಿಕೆ ಸಾಲದಾಗಿತ್ತು ಅಂತ ಬರೆದುಕೊಡಿ. ಅದನ್ನು ಯಾರೂ ಯಾಕೆ ಅಂತ ಕೇಳೋಲ್ಲ."

ಸೀತತ್ತೆ ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು, ಮೇಷ್ಟ್ರು ಹೇಳುವುದು ನ್ಯಾಯ ಎಂದರು.

ನನಗೆ ಕೋಪ ಬಂತು. ಆ ಬರಹ ಇನ್‌ಸ್ಪೆಕ್ಟರಿಂದ ನಮ್ಮ ಪ್ರೊಫೆಸರರ ಮೇಜಿಗೆ ಹೋಗುತ್ತದೆ, ಹೋದರೆ ನನ್ನ ಡಿಗ್ರಿಯ ಗತಿ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಮೊದಲು ಅಜ್ಜಿಯನ್ನು ಕಂಡು ಬಾಯಲ್ಲಿ ಹೇಳಿ ನೋಡೋಣ, ಅಷ್ಟರಲ್ಲೇ ಮುಗಿದರೆ ಮುಗಿಯಲಿ ಎಂದು ಹೊರಟೆ. ಅಂದು ಸಂತೆಯ ದಿನ. ಕೆಂಪಮ್ಮ ಗೋಣಿಯ ಮೇಲೆ ಹುರುಳಿ ರಾಶಿ ಹಾಕಿಕೊಂಡು ಗಿರಾಕಿಯೊಬ್ಬನಿಗೆ ಸೇರಿನಲ್ಲಿ ಅಳೆದು ಹಾಕುತ್ತಿದ್ದಳು. ಪಕ್ಕದಲ್ಲಿ ಮಾದೇವಿ ಚೀಲದ ಬಾಯಿ ಹಿಡಿದು ನಿಂತಿದ್ದಳು. ಮೊದಲ ಸೇರು ಚೀಲಕ್ಕೆ ಬೀಳುವಾಗ ಅಜ್ಜಿ, ಮೊಮ್ಮಗಳು, ಗಿರಾಕಿ ಮೂವರೂ ಒಟ್ಟಿಗೆ ಲಾಭ ಎಂದರು. ನಾನು ನಿಂತಲ್ಲೇ ನೆಲ ನೋಡಿದೆ.

ಅಳತೆ ಮುಗಿಯುವವರೆಗೆ ಕಾದು, ತಪ್ಪು ನನ್ನದು, ನಿಮ್ಮ ಮೊಮ್ಮಗಳು ಸರಿಯಾಗಿಯೇ ಎಣಿಸಿದಳು, ಅವಳನ್ನು ಶಾಲೆಗೆ ಕಳಿಸಿ ಎಂದೆ. ಕೆಂಪಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮುಟ್ಟಿದ್ದು ಕಾಳು ಕಣವ್ವ. ಮೊದ್ಲೇ ಒಂದು ಅಂದ್ಬುಟ್ರೆ ಅದು ಒಂದ್ರಲ್ಲೇ ನಿಂತೋಯ್ತದೆ. ಇದು ನಿಂಗೊತ್ತಿಲ್ವಾ?"

"ಗೊತ್ತಿತ್ತು" ಎಂದೆ.

"ಗೊತ್ತಿದ್ದೂ ಮಗೀಗೆ ಬುದ್ಧಿ ಇಲ್ಲ ಅಂತ ಬರ್ದ್ಯಾ?"

ಹೌದು ಎಂದೆ. ಅವಳು ಕೂಗಾಡಲಿಲ್ಲ. ಸೇರನ್ನು ಬೋರಲು ಹಾಕಿ ಅದರ ಮೇಲೆ ಕೈಯಿಟ್ಟು ಯೋಚಿಸಿದಳು.

"ಬುದ್ಧಿ ಇಲ್ಲ ಅನ್ನಕ್ಕೆ ಕಾಗ್ದ ಕೊಟ್ಟೆ. ಅದೆ ಅನ್ನಕ್ಕೆ ಬರೀ ಬಾಯಿ ಮಾತಾ? ಅದ್ನೂ ಬರ್ದು ಕೊಡು. ಕನ್ನಡದಲ್ಲಿ ಬರಿ. ನಂಗೆ ಓದಕ್ಕೆ ಬರಾಕಿಲ್ಲ, ಮಾದೇವಿ ಓದ್ತಾಳೆ. ಸರ್ಯಾಗಿ ಓದುದ್ರೆ ನಾಳಿಕೆ ಇಸ್ಕೂಲ್ಗೆ ಕಳುಸ್ತೀನಿ."

ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಹುರುಳಿ ರಾಶಿಯ ಪಕ್ಕದಲ್ಲಿ ಕುಳಿತು ಬರೆದೆ. ಮಾದೇವಿ ಎಂಬ ಬಾಲಿಕೆ ಪರೀಕ್ಷೆಯಲ್ಲಿ ಸರಿಯಾಗಿ ಎಣಿಸಿದ್ದಾಳೆ. ಆಕೆಗೆ ವಯಸ್ಸಿಗೆ ತಕ್ಕ ಬುದ್ಧಿಯಿದೆ. ಪರೀಕ್ಷೆ ಮಾಡಿದ ನನಗೆ ತಿಳಿವಳಿಕೆ ಸಾಲದೆ ಮೊದಲ ವರದಿ ತಪ್ಪಾಯಿತು. ಶಾಮಣ್ಣನವರು ಹೇಳಿಕೊಟ್ಟ ಆ ಮೂರನೆಯ ವಾಕ್ಯವನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ಸೀತತ್ತೆ ಹಿಂದಿನಿಂದ ಬಗ್ಗಿ ನೋಡಿ, ಮಗುವಿಗೆ ಕಾಣುವ ಹಾಗೆ ಬರಿ ಎಂದರು. ಹೊಡೆದು ಹಾಕಿ ದೊಡ್ಡದಾಗಿ ಬರೆದೆ.

ಮಾದೇವಿ ಕಾಗದವನ್ನು ಎರಡು ಕೈಯಲ್ಲೂ ಹಿಡಿದಳು. ಶಾಲೆಯಲ್ಲಿ ಬಾಯಿಬಿಡದವಳು ಸಂತೆಯ ನಡುವೆ ನಿಂತು ಓದತೊಡಗಿದಳು. ಬಾಲಿಕೆ ಎನ್ನುವಲ್ಲಿ ಒಂದು ಸಲ ನಿಂತಳು, ಮತ್ತೆ ಹೋದಳು. ನನಗೆ ತಿಳಿವಳಿಕೆ ಸಾಲದೆ ಎನ್ನುವ ಜಾಗಕ್ಕೆ ಬಂದಾಗ ಅವಳ ದನಿ ತಾನಾಗಿ ಏರಿತು. ಓದಿ ಮುಗಿಸಿ ನನ್ನ ಕಡೆ ನೋಡಿದಳು. ಹಲ್ಲು ಕಚ್ಚಿ ನಗು ತಡೆಯುತ್ತಿದ್ದಳು. ಕೆಂಪಮ್ಮ ಕೊನೆಯ ಸಾಲು ಇನ್ನೊಂದು ಸಲ ಓದು ಎಂದಳು. ಪಕ್ಕದ ಬೆಲ್ಲದ ಅಂಗಡಿಯವನು ತನಗೆ ಕೇಳಿಸಲಿಲ್ಲ ಎಂದ. ಹೀಗೆ ನನಗೆ ತಿಳಿವಳಿಕೆ ಸಾಲದು ಎಂಬುದು ನರಸೀಪುರದ ಸಂತೆಯಲ್ಲಿ ಮೂರು ಸಲ, ಪ್ರತಿ ಸಲವೂ ಮೊದಲಿಗಿಂತ ಸ್ಪಷ್ಟವಾಗಿ, ಓದಲ್ಪಟ್ಟಿತು. ಸೀತತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಕ್ಕು ಬಂದ ನೀರೋ ಬೇರೆಯದೋ ನಾನು ಕೇಳಲಿಲ್ಲ. ನನಗೂ ಬಂದಿತ್ತು.

ಶಾಲೆಗೆ ತಂದುಕೊಟ್ಟ ಆ ಕಾಗದಕ್ಕೂ ಶಾಮಣ್ಣನವರು ಅಷ್ಟೇ ಭಕ್ತಿಯಿಂದ ಮೊಹರು ಹಾಕಿ, ನಕಲನ್ನು ಇನ್‌ಸ್ಪೆಕ್ಟರಿಗೆ ಕಳಿಸಿದರು. ಅಲ್ಲಿಂದ ಅದು ನಾನು ಹೆದರಿದ ದಾರಿಯಲ್ಲೇ ಹೋಯಿತು. ವರ್ಷದ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ನನ್ನ ಅರುವತ್ತು ಹಾಳೆಗಳ ಮೇಲೆ ಆ ಒಂದು ನಕಲು ಕೂತಿತ್ತು. ಪ್ರೊಫೆಸರರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಈ ಸಹಿ ನಿಮ್ಮದೇ ಎಂದು ಕೇಳಿದರು. ಹೌದು ಎಂದೆ. ಬರೆದದ್ದು ನಿಜವೇ ಎಂದರು. ನಿಜ ಎಂದೆ.

"ತಿಳಿವಳಿಕೆ ಸಾಲದು ಎಂದು ನೀವೇ ಬರೆದುಕೊಟ್ಟ ಮೇಲೆ, ಸಾಲುತ್ತದೆ ಎಂದು ನಾನು ಹೇಗೆ ಬರೆಯಲಿ?" ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ವರ್ಷ ಅವರೇ ನನ್ನನ್ನು ಕರೆದು, ಆ ಹಳೆಯ ಹಾಳೆಗಳಲ್ಲಿ ಮಕ್ಕಳು ನಿಜವಾಗಿ ಏನು ಹೇಳಿದ್ದರೋ ಅದನ್ನೆಲ್ಲ ಪಟ್ಟಿ ಮಾಡಿಸಿ, ಪುಸ್ತಕದಲ್ಲಿ ಅರ್ಧವನ್ನು ತಾವೇ ಹೊಡೆದು ಹಾಕಿದರು. ಕುಂಕುಮಕ್ಕೆ ಗುರುತು ಸಿಕ್ಕಿತು, ರೈಲು ಕೂಗಿದರೆ ನಿಲ್ಲತೊಡಗಿತು. ಆದರೆ ಅದೆಲ್ಲ ಆಮೇಲಿನದು. ಆ ವರ್ಷದ ಮಟ್ಟಿಗೆ ಆದದ್ದು ಇಷ್ಟೇ. ಮಾದೇವಿ ನಾಲ್ಕನೆಯ ತರಗತಿ ಪಾಸಾದಳು, ಮಾವನಿಗೆ ಬೇರೆ ಕಡೆ ಹೆಣ್ಣು ನೋಡಿದರು, ನಾನು ಫೇಲಾದೆ. ಇಬ್ಬರ ಫಲಿತಾಂಶವೂ ಸರಿಯಾಗಿತ್ತು.